ಹೆಸರು ಹಾಕಿದ ಮೇಲ್

"ಅದಕ್ಕೆ ಕೈ ಹಾಕ್ಬೇಡ, ಅದು ನಂದು!" ಎಂದು ಅಕ್ಕ ಕೂಗಿದ ರಭಸಕ್ಕೆ ಪಕ್ಕದ ಮೇಜಿನ ಹುಡುಗಿ ಬೆಚ್ಚಿ ಮೌಸ್ ಬಿಟ್ಟಳು.

ಆಫೀಸಿನಲ್ಲಿ ಎಲ್ಲರಿಗೂ ಅವಳು ಅಕ್ಕ. ಮನೆಯಲ್ಲೇ ಮಲಗಿರುವ ರೋಗಿಗಳಿಗೆ ಆಕ್ಸಿಜನ್ ಮೆಷಿನ್ ಬಾಡಿಗೆಗೆ ಕೊಡುವ ಕಂಪನಿ ಅದು. ಗಿರಾಕಿಗಳ ಮೇಲ್ ಇಷ್ಟು ವರ್ಷ ಅವಳೊಬ್ಬಳಿಗೇ ಬರುತ್ತಿತ್ತು. ಈ ವಾರದಿಂದ ಮ್ಯಾನೇಜರ್ ಎಲ್ಲವೂ ಒಂದೇ ಕಡೆ ಬಂದು ಬೀಳುವಂತೆ ಮಾಡಿ, ಇಡೀ ತಂಡದ ಮುಂದೆ ತೆರೆದಿಟ್ಟಿದ್ದ. ಯಾರು ಬೇಕಾದರೂ ಉತ್ತರ ಬರೆಯಬಹುದು. ಕೈಗೆತ್ತಿಕೊಂಡವರು ಮೇಲ್ ಪಕ್ಕ ತಮ್ಮ ಹೆಸರು ಹಾಕಬೇಕು, ಹೆಸರು ಬಿದ್ದದ್ದನ್ನು ಇನ್ನೊಬ್ಬರು ಮುಟ್ಟಬಾರದು. ಒಬ್ಬ ಗಿರಾಕಿಗೆ ಇಬ್ಬರು ಎರಡು ಥರ ಹೇಳಿ ನಗೆಪಾಟಲಾಗಬಾರದಲ್ಲ! ಅಕ್ಕನಿಗೆ ಮಾತ್ರ ಮೈಯೆಲ್ಲ ಉರಿ. ತಾನು ಜೋಪಾನ ಮಾಡಿಕೊಂಡು ಬಂದ ಜನರ ಜೊತೆ ಕಂಡಕಂಡವರೆಲ್ಲ ಮಾತಾಡುವುದೆಂದರೇನು? ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಹಳೇ ಗಿರಾಕಿಗಳ ಮೇಲ್‌ಗಳಿಗೆಲ್ಲ ತನ್ನ ಹೆಸರು ಹಾಕಿಬಿಡುತ್ತಿದ್ದಳು. ಓದುವುದು ಆಮೇಲೆ.

ಈಗ ಹುಡುಗಿ ತೆರೆಯಲು ಹೊರಟದ್ದು ಮೇಷ್ಟ್ರ ಮೇಲ್. ಹಾಸಿಗೆ ಹಿಡಿದ ಹೆಂಡತಿಗೆಂದು ಮೆಷಿನ್ ತೆಗೆದುಕೊಂಡು ಹೋಗಿದ್ದ ಅವರು ದಿನಾ ಏನಾದರೊಂದು ಬರೆಯುವರು.

"ಏನಂತೆ ಇವತ್ತು? ಮತ್ತೆ ಮನೆಯವರ ನಿದ್ದೆ ಪುರಾಣಾನಾ?" ಹುಡುಗಿ ಕಿಸಕ್ಕನೆ ನಕ್ಕಳು.

"ಪುರಾಣಾನೇ ಆಗ್ಲಿ, ನಿಂಗೇನಮ್ಮ? 'ಫೋನ್ ಮಾಡಿದ್ರೆ ಕಾಯಿಸ್ತಾರೆ ಮೇಷ್ಟ್ರೇ, ಮೇಲ್ ಹಾಕಿ, ನಾನಿದ್ದೀನಿ' ಅಂತ ಅವ್ರಿಗೆ ಹೇಳಿಟ್ಟಿದ್ದೀನಿ. ಯಾರೂ ತಲೆ ಹಾಕ್ಬೇಡಿ."

ಹೆಸರು ಹಾಕಿದಳು. ಇನ್ನೇನು ತೆರೆಯಬೇಕು, ಮ್ಯಾನೇಜರ್ ಬಾಗಿಲಲ್ಲಿ ಮುಖ ತೋರಿಸಿದ. "ಅಕ್ಕಾ, ಒಂದ್ನಿಮಿಷ ಬನ್ನಿ."

ಅವನ ಒಂದು ನಿಮಿಷ ಊಟದ ಹೊತ್ತಿನ ತನಕ ಎಳೆಯಿತು. "ಎಲ್ಲಾ ನೀವೇ ಬಾಚ್ಕೊಂಡ್ರೆ ಮಿಕ್ಕವರು ಕಲಿಯೋದು ಯಾವಾಗ?" ಎಂದ ಅವನು. ಅಕ್ಕ ಬಿಡುವವಳೇ? ಇದ್ದಬದ್ದ ಸಿಟ್ಟನ್ನೆಲ್ಲ ಕಾರಿದಳು. ಕೊನೆಗೆ ಅವನೇ ಸುಸ್ತಾಗಿ, "ಹಳೇ ಗಿರಾಕಿಗಳು ನಿಮಗೇ ಇರ್ಲಿ ಬಿಡಿ ತಾಯಿ" ಎಂದು ಕೈ ಮುಗಿದ. ಗೆದ್ದ ಖುಷಿಯಲ್ಲಿ ಬಂದು ಕುರ್ಚಿ ಎಳೆದುಕೊಂಡಳು.

ಮೇಷ್ಟ್ರ ಮೇಲ್ ಕೆಳಗೆ ಅವರದೇ ಇನ್ನಷ್ಟು ಮೇಲ್‌ಗಳು ಬಂದು ಕೂತಿದ್ದವು, ಎಲ್ಲವೂ ತಾವಾಗಿಯೇ ಅವಳ ಹೆಸರಿನಡಿ.

'ತಾಯಿ, ಮೆಷಿನ್‌ನಿಂದ ಗಾಳಿ ಕಡಿಮೆ ಬರುತ್ತಿದೆ ಅನ್ನಿಸುತ್ತೆ.'

'ಕೆಂಪು ದೀಪ ಹತ್ತಿದೆ. ಏನು ಮಾಡಲಿ?'

'ಮೆಷಿನ್ ಕೆಟ್ಟರೆ ಇರಲಿ ಅಂತ ನೀವು ಕೊಟ್ಟಿದ್ದ ಸಿಲಿಂಡರಿನ ತಿರುಪು ನನ್ನ ಕೈಲಿ ತಿರುಗುತ್ತಿಲ್ಲ. ಇವಳಿಗೆ ಉಸಿರು ಸಿಗುತ್ತಿಲ್ಲ.'

ಕಡೆಯದರಲ್ಲಿ 'ತಾಯೀ' ಎಂದಷ್ಟೇ ಇತ್ತು.

"ಇದು ಬಂದಿದ್ದು ನೋಡ್ಲಿಲ್ವೇನೇ?"

"ನೋಡ್ದೆ ಅಕ್ಕಾ." ಹುಡುಗಿ ಕುರ್ಚಿಯಿಂದ ಎದ್ದಳು. "ನಿಮ್ಮ ಹೆಸರಿತ್ತಲ್ಲ, ತೆಗೀಲಿಲ್ಲ."

ಅಕ್ಕ ಅವಸರದಲ್ಲಿ ಮೇಷ್ಟ್ರ ನಂಬರು ಒತ್ತಿದಳು, ಎರಡು ಸಲ ತಪ್ಪಿತು. ಆ ಕಡೆ ಫೋನ್ ಎತ್ತಿದಾಗ ಮೊದಲು ಕೇಳಿದ್ದು ಮೆಷಿನ್ನಿನ ಕೀರಲು ಸದ್ದು.

"ಮೇಷ್ಟ್ರೇ, ನಾನು... ಮನೆಯವರು ಹೇಗಿದ್ದಾರೆ?"

"ಅವಳದ್ದು ಮುಗೀತು ತಾಯಿ." ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಇದೊಂದು ಬಾಯಿ ಮುಚ್ತಾ ಇಲ್ಲ. ಎಲ್ಲಿ ಒತ್ಬೇಕು, ಹೇಳ್ತೀರಾ?"

"ಹಿಂದುಗಡೆ... ಕೆಳಗಡೆ, ಕಪ್ಪು ಗುಂಡಿ ಇದೆ. ಹಾಗೇ ಒತ್ತಿ ಹಿಡ್ಕೊಳ್ಳಿ."

ತಡಕಾಡಿದ ಸದ್ದಾಯಿತು. ಕೀರಲು ನಿಂತಿತು.

"ಆಯ್ತು ನೋಡಿ," ಎಂದರು ಮೇಷ್ಟ್ರು. "ಕೇಳಿದ ತಕ್ಷಣ ಹೇಳಿದ್ರಿ. ಉಪಕಾರ ಆಯ್ತು."

ಅಕ್ಕ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಆ ಕಡೆ ಮೇಷ್ಟ್ರೂ ಇಟ್ಟಿರಲಿಲ್ಲ.