ತಪಾಸಣೆಯ ದಿನದ ಗಾಳಿ

ಇದನ್ನು ಹೇಳುವ ಯೋಗ್ಯತೆ ನನಗಿಲ್ಲ, ಕ್ಷಮಿಸಿ. ಹೆಗ್ಗನಹಳ್ಳಿಯ ಒಂದು ನಲ್ಲಿ ಕಾರ್ಖಾನೆಯ ಶೆಡ್ಡಿನಲ್ಲಿ ಫ್ಯಾನ್ ರಿಜಿಸ್ಟರ್ ಬರೆಯುತ್ತಿದ್ದವನು ನಾನೇ. ಸಂಜೆ ಕಾಲೇಜಿನಲ್ಲಿ ಓದಿದ್ದಕ್ಕೆ ಸಿಕ್ಕ ಕೆಲಸ. ಹೊಗೆ ಎಳೆಯುವ ಫ್ಯಾನ್ ತಿರುಗುತ್ತಿದ್ದುದು ತಪಾಸಣೆಯ ದಿನ ಮಾತ್ರ. ನಾನು ದಿನಾ 'ಚಾಲೂ' ಎಂದು ಬರೆಯುತ್ತಿದ್ದೆ.

"ಮೂಗು ಚುಚ್ಚೋಕೆ ಅಕ್ಕಸಾಲಿಗ ಕಾಸು ಕೇಳ್ತಾನೆ. ನಾನು ಫ್ರೀಯಾಗಿ ಚುಚ್ಚಿಸಿದೀನಲ್ಲಮ್ಮ!" ಎಂದು ಮಾಲೀಕ ಗಿರಿರಾಜ್ ನಕ್ಕ.

ಎದುರಿಗೆ ನಿಂತಿದ್ದವಳು ದಾನಮ್ಮ. ಬಾಗಲಕೋಟೆ ಕಡೆಯವಳು. ಹನ್ನೊಂದು ವರ್ಷದಿಂದ ಹಿತ್ತಾಳೆ ನಲ್ಲಿಗಳನ್ನು ಕ್ರೋಮ್ ಆಸಿಡ್ ತೊಟ್ಟಿಯಲ್ಲಿ ಅದ್ದಿ ಹೊಳಪು ಬರಿಸುತ್ತಿದ್ದಳು. ನಲ್ಲಿಗಳು ಹಡಗು ಹತ್ತಿ ಯಾವುದೋ ದೇಶದ ಬಚ್ಚಲಿಗೆ ಹೋಗುತ್ತಿದ್ದವು. ಹೊಗೆ ಇಲ್ಲೇ ಇರುತ್ತಿತ್ತು. ಅದು ಅವಳ ಎರಡು ಹೊಳ್ಳೆಗಳ ನಡುವಿನ ಗೋಡೆಯನ್ನು ತಿಂದು ತೂತು ಮಾಡಿತ್ತು. ಊಟದ ಹೊತ್ತಿಗೆ ಪೊರಕೆ ಕಡ್ಡಿಯನ್ನು ಒಂದು ಹೊಳ್ಳೆಗೆ ತೂರಿಸಿ ಇನ್ನೊಂದರಿಂದ ಎಳೆದು ಹೊಸಬರಿಗೆ ತೋರಿಸುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು. ನಾನೂ.

"ನಂದು ಹಾಳಾಗಿ ಹೋತ್ರೀ. ಲಕ್ಷ್ಮಿ ಮೂಗಿನ್ಯಾಗ ನಿನ್ನಿಯಿಂದ ರಕ್ತ ಬರಾಕತ್ತೈತಿ. ದಿನಾ ಫ್ಯಾನ್ ಹಚ್ರಿ, ಇಲ್ಲಾ ನನ್ನ ಮಗಳನ್ನ ತೊಟ್ಟಿ ಬಿಡಸ್ರಿ."

ಲಕ್ಷ್ಮಿಗೆ ಇಪ್ಪತ್ತು ವರ್ಷ. ಸೇರಿ ತಿಂಗಳಾಗಿತ್ತು.

"ಫ್ಯಾನ್ ಹಾಕಿದ್ರೆ ಹೊಗೆ ಪಕ್ಕದ ಮನೆಗಳಿಗೆ ಹೋಗುತ್ತೆ. ಅವ್ರು ಕಂಪ್ಲೇಂಟ್ ಕೊಡ್ತಾರೆ. ನೀವು ಕೊಡಲ್ವಲ್ಲ! ಮುಚ್ಕೊಂಡು ಹೋಗಿ ಅದ್ದು."

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ವಿದೇಶಿ ಖರೀದಿದಾರರ ಪರವಾಗಿ ತಪಾಸಣೆಗೆ ಅನಘಾ ಮೇಡಂ ಬಂದರು. ಮುಖಕ್ಕೆ ದಪ್ಪನೆಯ ಮಾಸ್ಕ್. ಫ್ಯಾನ್ ಗುಂಯ್ಗುಡುತ್ತಿತ್ತು.

"ಎಲ್ಲಾ ಗ್ರೀನ್ ಮೇಡಂ," ಎಂದ ಗಿರಿರಾಜ್.

ಮೇಡಂ ಲಕ್ಷ್ಮಿಯ ಮುಂದೆ ನಿಂತರು. ಅವಳ ಹೊಳ್ಳೆಯಲ್ಲಿ ಹತ್ತಿ ಕೆಂಪಾಗಿತ್ತು. "ಏನಾಯ್ತಮ್ಮ ಮೂಗಿಗೆ?"

"ನಶ್ಯ ಮೇಡಂ. ತಾಯಿ ಮಗಳು ಇಬ್ರೂ ಏರಿಸ್ತಾರೆ," ಎಂದು ಗಿರಿರಾಜ್ ನಡುವೆ ಬಾಯಿ ಹಾಕಿದ.

"ನಶ್ಯ ಅಲ್ರೀ, ಈ ಹೊಗಿ..." ಎಂದಳು ಲಕ್ಷ್ಮಿ.

ಗಿರಿರಾಜ್ ನಗುನಗುತ್ತಲೇ ಅವಳ ರಟ್ಟೆ ಹಿಡಿದು ತಗಡಿನ ಮರೆಗೆ ಎಳೆದೊಯ್ದ. ಏಟಿನ ಸದ್ದು ಬಂತು. ಇನ್ನೊಂದು. ಅನಘಾ ಮೇಡಂ ನನ್ನ ರಿಜಿಸ್ಟರಿನ ಹಾಳೆ ತಿರುವಿದರು. ಲಕ್ಷ್ಮಿ ಹೊರಬಂದಾಗ ಹತ್ತಿ ಇರಲಿಲ್ಲ. ರಕ್ತ ಗದ್ದದಿಂದ ತೊಟ್ಟಿಕ್ಕುತ್ತಿತ್ತು.

ದಾನಮ್ಮ ಕೈಯಲ್ಲಿದ್ದ ನಲ್ಲಿಗಳನ್ನು ಕೆಳಗಿಟ್ಟಳು. ಶಟರ್ ಎಳೆದು, ಕೊಂಡಿಗೆ ಕಬ್ಬಿಣದ ಕೊಕ್ಕೆ ತೂರಿಸಿ ಬಗ್ಗಿಸಿದಳು. ಬಂದು ಫ್ಯಾನ್ ಆರಿಸಿದಳು. ನನ್ನನ್ನು ಸ್ವಿಚ್ಚಿಗೆ ಒತ್ತಿ ನಿಲ್ಲಿಸಿ, "ಹಂದಬ್ಯಾಡ," ಎಂದಳು.

"ಮೇಡಮ್ಮಾರ, ಮುಖದ ಮ್ಯಾಲಿಂದು ತಗೀರಿ. ಗಾಳಿ ನೋಡಾಕಂತ ಬಂದೀರಿ, ಕುಡೀರಿ."

ಗಿರಿರಾಜ್ ಸರಳು ಎತ್ತಿ ಅವಳ ಬಾಯಿಗೆ ಬೀಸಿದ. ಹಲ್ಲು ಮುರಿದ ಸದ್ದು ನನಗೆ ಕೇಳಿಸಿತು. ಅವಳು ಬೀಳಲಿಲ್ಲ. ಅವನ ಕೂದಲು ಹಿಡಿದು ಮುಖವನ್ನು ತೊಟ್ಟಿಯ ಮೇಲೆ ಬಗ್ಗಿಸಿದಳು. ಮೂವರು ಹೆಂಗಸರು ಅವನ ಕಾಲುಗಳಿಗೆ ಜೋತುಬಿದ್ದರು.

"ಎಳಿಯೋ ಸೂಳೀಮಗನ! ನನ್ನ ಮಗಳು ದಿನಾ ಎಂಟು ತಾಸು ಎಳೀತಾಳ!"

ಅವನ ಗದ್ದ ನೀರಿಗೆ ತಾಗಿತು. ಚರ್ಮ ಸುಲಿದು ಬೆಳ್ಳಗಾಯಿತು, ಕಣ್ಣಿಗೂ ಸಿಡಿಯಿತು. ಅನಘಾ ಮೇಡಂ ಕೆಮ್ಮುತ್ತ ಶಟರ್ ಗುದ್ದುತ್ತಿದ್ದರು.

"ಭೈರೇಶ! ಫ್ಯಾನ್ ಹಾಕೋ! ನಿನ್ ಕಾಲಿಗ್ ಬೀಳ್ತೀನಿ ಕಣೋ!" ಎಂದು ಗಿರಿರಾಜ್ ನನ್ನತ್ತ ಅರಚಿದ.

ಸ್ವಿಚ್ ನನ್ನ ಬೆನ್ನಿಗೆ ಚುಚ್ಚುತ್ತಿತ್ತು. ನಾನು ಬೆನ್ನು ಸರಿಸಲಿಲ್ಲ.

ಪಕ್ಕದ ಮನೆಗಳವರು ಶಟರ್ ಒಡೆದರು. ಪೊಲೀಸರು ದಾನಮ್ಮನನ್ನು ಜುಟ್ಟು ಹಿಡಿದು ಜೀಪಿಗೆ ತಳ್ಳಿದರು. ಆಮೇಲೆ ಲಕ್ಷ್ಮಿಯೂ ನಾನೂ ಎರಡು ಸ್ಟೇಷನ್‌ಗೆ ಹೋಗಿ ಬಂದೆವು. ಅಂಥ ಹೆಸರಿನವರು ಯಾರೂ ಇಲ್ಲ ಎಂದರು. ಗಿರಿರಾಜನ ಕಣ್ಣು ಉಳಿಯಿತೋ ಹೋಯಿತೋ ತಿಳಿಯದು. ಮೇಡಂ ಏನೆಂದು ವರದಿ ಬರೆದರೋ ಅದೂ ತಿಳಿಯದು. ನಾನು ಅಲ್ಲಿ ಹಂದದೆ ನಿಂತದ್ದು ಧೈರ್ಯದಿಂದಲೋ ಹೆದರಿಕೆಯಿಂದಲೋ ಹೇಳಲಾರೆ. ದಾನಮ್ಮ ಎಲ್ಲಿದ್ದಾಳೆಂದು ಇದನ್ನು ಬರೆಯುವ ಹೊತ್ತಿಗೂ ನಮಗೆ ಗೊತ್ತಾಗಿಲ್ಲ.