ಎರಡನೇ ಸಲದ ‘ಬೇಡ’

"ಮೊದಲ ಸಲ ಬೇಡ ಹೇಳಿ. ಎರಡನೇ ಸಲ ಕೇಳಿದ್ರೆ 'ಆಯ್ತು, ನಿಮ್ಮಿಷ್ಟ' ಹೇಳಿ. ಅಷ್ಟೇ. ಭಾಷಣ ಬೇಡ, ಗೊತ್ತಾಯ್ತಾ?" ಕಾರಿನಿಂದ ಇಳಿಯುವ ಮೊದಲು ವಸಂತಿ ಗಂಡನ ಕಾಲರ್ ಸರಿ ಮಾಡಿದಳು.

"ನಾನೆಂತ ಸಣ್ಣ ಮಗುವಾ?" ಎಂದ ಬೋಜ.

ಮಗುವಲ್ಲ, ನಿಜ. ಆದರೆ ಆಸೆ ಹೊತ್ತ ಗಂಡಸು ಮಗುವಿಗಿಂತ ಏನು ಕಡಿಮೆ? ದೋಹಾದ ಕರಾವಳಿ ಕೂಟದಲ್ಲಿ ಬೋಜ ಎಷ್ಟೋ ವರ್ಷ ಕುರ್ಚಿ ಜೋಡಿಸಿದ್ದ, ಬ್ಯಾನರ್ ಕಟ್ಟಿದ್ದ, ಸತ್ತ ಮೈಕಿಗೆ ಗುದ್ದಿ ಗುದ್ದಿ ಜೀವ ಬರಿಸಿದ್ದ. ಈ ಸಲವಾದರೂ ಅಧ್ಯಕ್ಷನಾಗಿ ವೇದಿಕೆಯ ಮೇಲೆ ಕೂರಬೇಕು. ಚುನಾವಣೆ ಹೆಸರಿಗೆ ಮಾತ್ರ. ಒಸ್ವಾಲ್ಡ್ ಸರ್ ಅವರ ಬಣ ಯಾರನ್ನು ಒಪ್ಪುತ್ತದೋ ಅವರೇ ಅಧ್ಯಕ್ಷರು. ಬಿನ್ ಒಮ್ರಾನ್ ಪೇಟೆಯ ದರ್ಜಿಯ ಬಳಿ ಹೊಸ ಕೋಟಿಗೆ ಅಳತೆಯನ್ನೂ ಕೊಟ್ಟಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ!

ಆ ಶುಕ್ರವಾರ ಮಧ್ಯಾಹ್ನ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಒಸ್ವಾಲ್ಡರ ಫ್ಲ್ಯಾಟಿನಲ್ಲಿ ಬಣದವರೆಲ್ಲ ಸೇರಿದ್ದರು. ಅಡುಗೆಮನೆಯಿಂದ ಕೋಳಿಸಾರಿನ ಪರಿಮಳ ಬಂದು ಎಲ್ಲರ ಹೊಟ್ಟೆ ತಾಳ ಹಾಕುತ್ತಿತ್ತು. ಅಭ್ಯರ್ಥಿಗಳು ಇಬ್ಬರೇ: ಬೋಜ, ಮತ್ತೆ ದೋಹಾದಲ್ಲಿ ಏಷ್ಯನ್ ಗೇಮ್ಸ್ ನಡೆದ ವರ್ಷವಷ್ಟೇ ಕತಾರಿಗೆ ಬಂದ ಹೊಸಬ, ಬ್ಯಾಂಕಿನ ಲ್ಯಾನ್ಸ್‌ಲಾಟ್.

"ಸೀನಿಯರ್ ಮೊದಲು. ಬೋಜರೇ, ನೀವು ಆಗ್ತೀರಾ?" ಕೇಳಿದರು ಒಸ್ವಾಲ್ಡ್.

"ಛೇ ಛೇ, ನನಗೆಂತದಕ್ಕೆ ಸರ್, ಬೇಡ," ಎಂದ ಬೋಜ, ನೆಲ ನೋಡುತ್ತ. ಚೆನ್ನಾಗಿಯೇ ಹೇಳಿದ. ಬಾಗಿಲ ಬಳಿ ನಿಂತಿದ್ದ ವಸಂತಿಗೂ ಮೆಚ್ಚುಗೆಯಾಯಿತು.

"ಹಾಗೆ ಹೇಳಿದ್ರೆ ಹೇಗೆ ಮಾರಾಯ್ರೆ? ನೀವೇ ಆಗ್ಬೇಕು."

ಇಡೀ ಕೋಣೆ ತನ್ನನ್ನೇ ನೋಡುತ್ತಿದೆ. ಆಹಾ, ಎಂಥ ಸುಖ! ಇನ್ನೊಂದು ಸಲ ಕೇಳಿಸಿಕೊಂಡರೆ ಯಾರ ಗಂಟೇನು ಹೋಗುತ್ತದೆ ಎನಿಸಿತು ಬೋಜನಿಗೆ.

"ಅಲ್ಲ ಸರ್, ನಮ್ಮ ಮನೆ ಮುಐದರಿನಲ್ಲಿ, ಬರ್ಲಿಕ್ಕೆ ದೂರ. ಮತ್ತೆ ಈಗ ಶುಗರ್ ಬೇರೆ ಉಂಟು. ಟೆನ್ಶನ್ ತಕೊಳ್ಬಾರ್ದು ಅಂತ ಡಾಕ್ಟರು..."

ಅವನಿಗೆ ಶುಗರೂ ಇರಲಿಲ್ಲ, ಡಾಕ್ಟರೂ ಇರಲಿಲ್ಲ. ವಸಂತಿ ಹಣೆ ಚಚ್ಚಿಕೊಂಡಳು.

"ಅಯ್ಯೋ ದೇವಾ, ನಮಗೆ ಗೊತ್ತೇ ಇರ್ಲಿಲ್ಲ!" ಒಸ್ವಾಲ್ಡರ ಮುಖ ನಿಜಕ್ಕೂ ಸಣ್ಣದಾಯಿತು. "ಪಾಪ, ಇನ್ನು ಒತ್ತಾಯ ಮಾಡುದು ಸರಿಯಲ್ಲ. ಲ್ಯಾನ್ಸ್‌ಲಾಟ್, ನೀನು?"

"ಆಯ್ತು ಸರ್."

"ಖಲಾಸ್! ಯಲ್ಲಾ, ನಡೀರಿ, ಊಟ ಮಾಡುವ."

ಎಲ್ಲರೂ ಚಪ್ಪಾಳೆ ತಟ್ಟಿದರು. ಬೋಜನೂ ತಟ್ಟಿದ, ಅಭ್ಯಾಸಬಲದಿಂದ ಎಲ್ಲರಿಗಿಂತ ಜೋರಾಗಿಯೇ ತಟ್ಟಿದ. ಊಟಕ್ಕೆ ಕೂತರೆ ಹೊಸ ಕೋಟೇ ಕಣ್ಣ ಮುಂದೆ. ಕೋಟು ಹಾಕಿಕೊಂಡು ಇನ್ನು ಯಾರ ಮದುವೆಗೆ ಹೋಗಲಿ ಎಂದು ಅಳು ಬರುವಂತಾಯಿತು.

ಒಸ್ವಾಲ್ಡರ ಹೆಂಡತಿ ಅಗಾತಾ ಕಡಲೆಬೇಳೆ ಪಾಯಸ ಬಡಿಸುತ್ತ ಬಂದರು. ಬೋಜನ ಹತ್ತಿರ ಬಂದದ್ದೇ ಸೌಟು ಎತ್ತಿಕೊಂಡು ಮುಂದೆ ಹೋದರು.

"ನಿಮಗೆ ಶುಗರಲ್ವಾ ಬೋಜಣ್ಣ. ಮುಳ್ಳುಸೌತೆ ತರ್ತೇನೆ, ಆಯ್ತಾ?"

ಬೋಜನ ಕಣ್ಣು ಸೌಟಿನ ಹಿಂದೆಯೇ ಹೋಯಿತು. ಎದುರಿಗೆ ಲ್ಯಾನ್ಸ್‌ಲಾಟ್ ಎರಡನೇ ಲೋಟ ಪಾಯಸ ಹಾಕಿಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ವಸಂತಿ ತನ್ನ ಲೋಟ ತಂದು ಗಂಡನ ಮೂಗಿನ ಕೆಳಗೆ ಹಿಡಿದಳು.

"ಒಂದೇ ಸಲ ಕೇಳುದು. ಬೇಕಾ, ಬೇಡ್ವಾ?"

"ಬೇಕು!"

ಕೆಟ್ಟ ಮೈಕನ್ನು ಗೆಲ್ಲಲು ಪಳಗಿದ ದನಿ, ಇಡೀ ಕೋಣೆಗೆ ಕೇಳಿಸಿತು. ಒಸ್ವಾಲ್ಡ್ ನಿಧಾನ ಇತ್ತ ತಿರುಗಿದರು. ಬೋಜ ಯಾರನ್ನೂ ನೋಡದೆ ಎರಡೂ ಕೈಯಲ್ಲಿ ಲೋಟ ಹಿಡಿದು ಬಾಯಿಗೆತ್ತಿದ. ಗಾಳಿಯಲ್ಲೇ ನಿಂತ ಅಗಾತಾರ ಸೌಟಿನಿಂದ ಪಾಯಸ ತೊಟ್ಟಿಕ್ಕುತ್ತಿತ್ತು.