ಮೋನಪ್ಪ ಬಡಿಗೇರನ ರಂದಾ

ಸಿಂದಗಿಯಲ್ಲಿ ಮೋನಪ್ಪ ಬಡಿಗೇರನ ಕಣ್ಣಿಗೆ ಬಡಿಗ ಅನ್ನಿಸಿಕೊಂಡವನು ಒಬ್ಬನೇ ಇದ್ದ, ಅವನು ಮೋನಪ್ಪನೇ. ಉಳಿದವರೆಲ್ಲ ಮೊಳೆ ಹೊಡೆಯುವವರು. ಬಸ್ ಸ್ಟ್ಯಾಂಡಿನ ಹತ್ತಿರ ಫರ್ನಿಚರ್ ಅಂಗಡಿ ಇಟ್ಟ ಸಂಗಣ್ಣನಂತೂ ಅದೂ ಅಲ್ಲ. ಪ್ಲೈವುಡ್ಡಿಗೆ ಸನ್‌ಮೈಕಾ ಅಂಟಿಸಿ ಹೊಟ್ಟೆ ಹೊರೆಯುವ ಗೋಂದಿನ ಗಿರಾಕಿ. ಹೆಂಡತಿ ಕಾಳವ್ವನನ್ನು ಅವನು ಯಾವ ಲೆಕ್ಕಕ್ಕೂ ಹಿಡಿದವನಲ್ಲ. ಇಪ್ಪತ್ತು ವರ್ಷದಿಂದ ಅವಳಿಗೆ ಒಂದೇ ಕಟ್ಟಳೆ: ಕಟ್ಟಿಗೆ ಹೆರೆದು ನುಣುಪು ಮಾಡುವ, ಅವನ ಅಪ್ಪನ ಕಾಲದ ಶೀಸಂ ಮರದ ರಂದಾ ಮುಟ್ಟಬಾರದು. ಹೆಣ್ಣಿನ ಕೈ ತಾಗಿದರೆ ಅಲಗು ಮೊಂಡಾಗುತ್ತದಂತೆ.

ತೊಂಬತ್ತೆಂಟರ ಏಪ್ರಿಲ್‌ನಲ್ಲಿ ಬಸವನ ಬಾಗೇವಾಡಿಯ ಸಂಗೀತದ ಮಾಸ್ತರ ಸಂಜೀವಕುಮಾರ ಒಂದು ಒಡೆದ ಗಿಟಾರು ಹಿಡಿದುಕೊಂಡು ಬಂದ. ಅದರ ಮುಖಕ್ಕೆ ಹೊಸ ಹಲಗೆ ಕೂಡಿಸಬೇಕಿತ್ತು. ಹಲಗೆಯನ್ನೂ ಸೊಲ್ಲಾಪುರದಿಂದ ತಂದಿದ್ದ, ದೇವದಾರಿನದು, ಒಂದೇ ಒಂದು.

“ಇದು ಕೆಟ್ಟರ ಇನ್ನೊಂದ ಸಿಗೂದಿಲ್ರಿ,” ಅಂದ.

“ಬಿತ್ತೂ ಕೂರಿಗಿ ಮಾಡಿದ ಕೈರಿ ಇದು. ಡಬ್ಬಿಗೆ ಮುಚ್ಚಳ ಹಾಕೂದೇನ್ ದೊಡ್ಡ ಕೆಲಸ? ಶುಕ್ರವಾರ ಬರ್ರಿ,” ಎಂದು ಮೋನಪ್ಪ ಮೂಗು ಮುರಿದ.

ರಂದಾ ಹೊಡೆದು ಹಲಗೆಯನ್ನು ರೊಟ್ಟಿಯಷ್ಟು ತೆಳ್ಳಗೆ ಮಾಡಿದ್ದೇನೋ ನಿಜ. ಆದರೆ ಅದನ್ನು ಬಿಸಿಲು ಬೀಳುವ ಕಟ್ಟೆಯ ಮೇಲೆ ಅಂಗಾತ ಬಿಟ್ಟು, ಉಂಡು ಮಲಗಿಬಿಟ್ಟ. ಎದ್ದು ನೋಡಿದರೆ ಎರಡೂ ಅಂಚು ಮೇಲೆದ್ದು ಹಲಗೆ ಮೊರದ ಹಾಗೆ ಬಾಗಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೋನಪ್ಪ ಸೊಲ್ಲಾಪುರದವರನ್ನೂ ದೇವದಾರನ್ನೂ ಬೈದ. ಆಮೇಲೆ ಹಲಗೆ ಬೋರಲು ಹಾಕಿ, ಉಬ್ಬಿದ ಬೆನ್ನಿಗೆ ಕುದಿಯುವ ನೀರು ಸುರಿದು, ಮೇಲೆ ಬೀಸುವ ಕಲ್ಲು ಹೇರಿದ. ಎರಡು ದಿನ ಬಿಟ್ಟು ಕಲ್ಲು ತೆಗೆದರೆ ಮೊದಲಿಗಿಂತ ಒಂದು ಬೆರಳು ಹೆಚ್ಚೇ ಬಾಗಿತ್ತು.

ಅದೇ ಹೊತ್ತಿಗೆ ಸಂಗಣ್ಣ ಬರಬೇಕೆ!

“ಹಿಂದ ಅಡ್ಡಪಟ್ಟಿ ಕೊಟ್ಟು ನಾಕ ಸ್ಕ್ರೂ ಹಾಕ್ರಿ, ಕಾಕಾ.”

“ಗಿಟಾರಿಗೆ ಸ್ಕ್ರೂ ಹಾಕಿದ್ರ ನಿನ್ನ ದನಿ ಬರ್ತೈತಿ ನೋಡು, ಡಬ ಡಬ,” ಎಂದ ಮೋನಪ್ಪ. ಸಂಗಣ್ಣ ಹಲ್ಲು ಕಿರಿದದ್ದು ನೋಡಿ ಅವನ ಪಿತ್ತ ನೆತ್ತಿಗೇರಿತು. “ಕಾಳಿಕಾದೇವಿ ಆಣಿ ಮಾಡಿ ಹೇಳ್ತೇನಿ. ನನ್ನ ಬಿಟ್ಟು ಇದನ್ನ ನೆಟ್ಟಗ ಮಾಡಾವರು ಈ ಊರಾಗ ಯಾರರ ಇದ್ರ, ನಮ್ಮಪ್ಪನ ರಂದಾ ಅವರ ಕೈಯಾಗ ಇಡ್ತೇನಿ!”

ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದ ಕಾಳವ್ವ ಬಗ್ಗಿ ನೋಡಿದಳು. ಸಂಗಣ್ಣ ಹೋದ ಮೇಲೆ ಇಳಿದು ಬಂದು ಹೇಳಿದಳು:

“ತಗ್ಗಿನ ಮಗ್ಗಲ ಒಣಗೇತ್ರಿ. ಉಬ್ಬಿದ್ದು ಹಸಿ ಐತಿ. ನೀವು ಹಸೀದಕ್ಕ ಮತ್ತ ನೀರ ಹಾಕ್ತೀರಿ.”

“ಹಪ್ಪಳ ಲಟ್ಟಿಸಾಕಿ ನನಗ ಕಟ್ಟಿಗಿ ಕಲಸ್ತಿ? ನಡಿ ಒಳಗ.”

ಹಿತ್ತಲ ಗಿಡ ಮದ್ದಲ್ಲ ನೋಡಿ. ಅವನು ಮತ್ತೆ ನೀರು ಸುರಿದ, ಮತ್ತೆ ಕಲ್ಲು ಹೇರಿದ. ಗುರುವಾರ ಹಲಗೆಯ ತುದಿಯಲ್ಲಿ ಕೂದಲೆಳೆಯಷ್ಟು ಸೀಳು ಕಂಡಿತು. ಇನ್ನೊಮ್ಮೆ ಕಲ್ಲು ಹೇರಿದರೆ ಎರಡು ತುಂಡು. ಮೋನಪ್ಪನಿಗೆ ಜೀವಮಾನದಲ್ಲಿ ಮೊದಲ ಸಲ ಹೆದರಿಕೆಯಾಯಿತು. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ.

ಕಾಳವ್ವ ಹಲಗೆಯನ್ನು ಮಾಳಿಗೆಗೆ ಒಯ್ದಳು. ಹಳೆಯ ಸೀರೆ ತೋಯಿಸಿ ಹಿಂಡಿ ಹಾಸಿ, ಅದರ ಮೇಲೆ ತಗ್ಗಿನ ಮಗ್ಗುಲು ಕೆಳಗೆ, ಉಬ್ಬು ಬಿಸಿಲಿಗೆ ಬರುವ ಹಾಗೆ ಬೋರಲು ಹಾಕಿದಳು. ಅಂಚು ಮೇಲೆದ್ದ ಹಪ್ಪಳವನ್ನು ಮಗುಚದೆ ಬಿಡುವ ಹೆಂಗಸು ಯಾವ ಊರಲ್ಲಿದ್ದಾಳೆ? ಪಕ್ಕದಲ್ಲೇ ಕೂತು ಹಪ್ಪಳ ಮಗುಚುತ್ತ ಅದರ ಮೇಲೂ ಒಂದು ಕಣ್ಣಿಟ್ಟಳು. ನಡುವಿನ ಉಬ್ಬು ಇಳಿದು ಹಲಗೆ ಸಮನಾಗಿ ಕೂತ ಕೂಡಲೇ ಎತ್ತಿ ನೆರಳಿಗೆ ತಂದು, ಎರಡೂ ಕಡೆ ಗಾಳಿ ಆಡುವಂತೆ ಕೆಳಗೊಂದಿಷ್ಟು ಮೇಲೊಂದಿಷ್ಟು ಕಟ್ಟಿಗೆಯ ಪಟ್ಟಿ ಕೊಟ್ಟು, ಹಗ್ಗದಿಂದ ಕಟ್ಟಿ ಇಟ್ಟಳು.

ಶುಕ್ರವಾರ ಮಾಸ್ತರ ಬಂದ. ತಮಾಷೆ ನೋಡಲು ಸಂಗಣ್ಣನೂ ಬಂದ. ಕಾಳವ್ವ ಹಗ್ಗ ಬಿಚ್ಚಿ ಹಲಗೆಯನ್ನು ಗಂಡನ ಮುಂದೆ ಇಟ್ಟಳು. ಮೋನಪ್ಪ ಒಂದು ಕಣ್ಣು ಮುಚ್ಚಿ ನೋಡಿದ, ತಿರುವಿ ನೋಡಿದ, ದಾರ ಹಿಡಿದು ನೋಡಿದ. ತಪ್ಪು ಸಿಗಲಿ ಎಂದೇ ಹುಡುಕಿದ, ಪಾಪಿ. ಹಲಗೆ ನೆಟ್ಟಗಿತ್ತು, ತುದಿಯ ಸೀಳೂ ಅಂಚು ಕತ್ತರಿಸಿದರೆ ಹೋಗುವಷ್ಟೇ ಇತ್ತು.

“ಭಾಳ ಚಲೋ ಆಗೇತ್ರಿ! ಯಾರ ನೆಟ್ಟಗ ಮಾಡಿದ್ದು?” ಎಂದ ಮಾಸ್ತರ.

ಮೋನಪ್ಪ ನಾನು ಅನ್ನಲು ಬಾಯಿ ತೆರೆದ. ಎದುರಿಗೆ ಸಂಗಣ್ಣ. ಗೋಡೆಯ ಮೇಲೆ ಕಾಳಿಕಾದೇವಿಯ ಪಟ. ತೆರೆದ ಬಾಯಿಯಿಂದ, “ಈಕಿ,” ಅನ್ನುವುದಷ್ಟೇ ಹೊರಬಿತ್ತು.

“ಹಂಗಾರ ರಂದಾ?” ಸಂಗಣ್ಣ ಕೇಳಿದ.

ಮೋನಪ್ಪ ಎದ್ದು ರಂದಾ ತಂದ. ಅದನ್ನು ಹೆಂಡತಿಯ ಕೈಯಲ್ಲಿಟ್ಟಾಗ ಅವನ ಕಣ್ಣು ತುಂಬಿದ್ದವು. ಆಕೆ ಹಣೆಗೆ ಒತ್ತಿಕೊಂಡಾಳು, ಅರಿವೆಯಲ್ಲಿ ಸುತ್ತಿಟ್ಟಾಳು ಎಂದು ಕಾದ. ಕಾಳವ್ವ ಅದನ್ನು ಬಗಲಲ್ಲಿ ಇಟ್ಟುಕೊಂಡು ಸರಸರ ಮಾಳಿಗೆ ಹತ್ತಿದಳು. ಗಾಳಿ ಬಿಟ್ಟಿತ್ತು, ಹಪ್ಪಳ ಹಾಸಿದ ಸೀರೆಯ ಒಂದು ಮೂಲೆ ಹಾರುತ್ತಿತ್ತು. ಆ ಮೂಲೆಯ ಮೇಲೆ ಮೋನಪ್ಪನ ಅಪ್ಪನ ರಂದಾ ಹೇರಿದಳು.

“ಕೆಲಸಕ್ಕ ಬೇಕಾತಂದ್ರ ಕೇಳ್ರಿ,” ಎಂದು ಮೇಲಿನಿಂದ ಕೂಗಿದಳು. “ಗಾಳಿ ಇರಲಿಲ್ಲಂದ್ರ ಕೊಡ್ತೇನಿ.”